ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು? ದಾರ, ಕ್ಯಾಲ್ಕುಲೇಟರ್, ಗಡಿಯಾರ ಹಿಡಿದು ನೀವೇ ಲೆಕ್ಕ ಹಾಕಿ

ಅಕ್ಕನ ಬಾಣಂತನಕ್ಕೆಂದು ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಿದ್ದಳು. ಜನವರಿ ತಿಂಗಳು. ಟಿಕೆಟ್ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು: ಬೆಂಗಳೂರು ಬಿಡುವುದು ಮಧ್ಯಾಹ್ನ 2:30, ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು ಅದೇ ದಿನ ಸಂಜೆ 5:00.

"ಎರಡೂವರೆ ಗಂಟೆ ದಾರಿನೇನೋ? ಶಿವಮೊಗ್ಗಕ್ಕೆ ಹೋಗಕ್ಕೇ ಆರು ಗಂಟೆ ಬೇಕು!"

ಭಾವನನ್ನು ಕೇಳಿದರೆ ಹದಿನಾರು ಗಂಟೆ ಅಂದರು. ಟಿಕೆಟ್ ಮಾಡಿಸಿಕೊಟ್ಟವರು "ಒಂದು ದಿನ ಅಂತ ಇಟ್ಕೊಳಿ" ಅಂದರು. ಮೂರೂ ಸುಳ್ಳಲ್ಲ. ಟಿಕೆಟ್ ಹೇಳುತ್ತಿದ್ದದ್ದು ಎರಡು ಊರಿನ ಗಡಿಯಾರಗಳನ್ನು, ಭಾವ ಹೇಳಿದ್ದು ವಿಮಾನದಲ್ಲಿ ಕೂತಿರುವ ಹೊತ್ತನ್ನು, ಟಿಕೆಟಿನವರು ಹೇಳಿದ್ದು ಮನೆಯಿಂದ ಮನೆಗೆ ಹಿಡಿಯುವ ಹೊತ್ತನ್ನು. ಅಮ್ಮನಿಗೆ ಇದು ಬರೀ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು, ಎಷ್ಟು ಸಲ ಊಟ ಬೇಕಾಗುತ್ತದೆ, ಬಿಸಿನೀರು ಸಿಗುತ್ತದೋ ಇಲ್ಲವೋ ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿತ್ತು. ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಊರುಗಳ ಹೆಸರು ಬದಲಿಸಿದರೆ ಯಾವ ಎರಡು ವಿಮಾನ ನಿಲ್ದಾಣಗಳಿಗೂ ಇದೇ ದಾರಿ.

ಮೊದಲು ದಾರ

ಗೋಡೆಗೆ ತೂಗುಹಾಕುವ ಭೂಪಟವನ್ನು ಮಡಿಸಿ ಪಕ್ಕಕ್ಕಿಡಿ. ಅದು ಉತ್ತರದ ದೇಶಗಳನ್ನು ಹಿಗ್ಗಿಸಿ ತೋರಿಸುತ್ತದೆ, ದಾರಿಯನ್ನೂ ತಪ್ಪಿಸುತ್ತದೆ. ಅದರ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸ್ಕೇಲ್ ಇಟ್ಟರೆ ಗೆರೆ ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆ ದಾರಿಯಲ್ಲಿ ಯಾವ ವಿಮಾನವೂ ಹೋಗುವುದಿಲ್ಲ.

ಮಕ್ಕಳ ಗ್ಲೋಬ್ ಇದ್ದರೆ ತನ್ನಿ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿಗೆ ಜಾರುತ್ತದೆ. ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ! ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಅಂಚು, ಸೈಬೀರಿಯ, ಆಮೇಲೆ ಆರ್ಕ್ಟಿಕ್ ಸಾಗರದ ತುಣುಕು, ಅಲಾಸ್ಕ, ಕೊನೆಗೆ ಪೆಸಿಫಿಕ್ ಅಂಚಿನಗುಂಟ ಇಳಿದು ಕ್ಯಾಲಿಫೋರ್ನಿಯ. ಈ ಗೆರೆಗೆ ಮಹಾವೃತ್ತ ಅನ್ನುತ್ತಾರೆ. ಅಮ್ಮ ಆ ದಾರದ ಮೇಲೆ ಬೆರಳಾಡಿಸಿ "ಹಿಮಾಲಯದ ಮೇಲೆ ಹೋಗೋದಾ?" ಅಂದದ್ದು ನನಗೆ ಇನ್ನೂ ನೆನಪಿದೆ.

ಈಗ ದಾರವನ್ನು ತೆಗೆದು ಸ್ಕೇಲಿನ ಮೇಲಿಡಿ. ಗ್ಲೋಬಿನ ಅಡ್ಡಳತೆ 30 ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 94 ಸೆಂಟಿಮೀಟರ್. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ದಾರದ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್. ನಮ್ಮ ದಾರ 33 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಬಂತು. ಗುಣಿಸಿದರೆ ಸುಮಾರು 14,000. ಬೆಂಗಳೂರು–ಮೈಸೂರು ನಡುವೆ ನಲವತ್ತೆಂಟು ಸಲ ಹೋಗಿ ಬಂದಷ್ಟು ದೂರ.

ಕ್ಯಾಲ್ಕುಲೇಟರಿನಲ್ಲಿ ಅದೇ ದೂರ

ದಾರದ ಲೆಕ್ಕ ಸರಿಯೇ ಎಂದು ನೋಡಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಫೋನನ್ನು ಅಡ್ಡ ತಿರುಗಿಸಿದರೆ ಹೆಚ್ಚಿನ ಫೋನುಗಳಲ್ಲಿ ಸೈನ್, ಕೊಸೈನ್ ಗುಂಡಿಗಳು ಕಾಣುತ್ತವೆ. ಅದು ಡಿಗ್ರಿ ಲೆಕ್ಕದಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಉತ್ತರ ಎಲ್ಲೋ ಹೋಗುತ್ತದೆ.

ಮ್ಯಾಪಿನಲ್ಲಿ ವಿಮಾನ ನಿಲ್ದಾಣದ ಮೇಲೆ ಬೆರಳೊತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಊರಿನ ನಡುಮಧ್ಯ ಬೇಡ, ನಿಲ್ದಾಣವನ್ನೇ ಹಿಡಿಯಿರಿ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.62 ಡಿಗ್ರಿ ಉತ್ತರ, 122.37 ಡಿಗ್ರಿ ಪಶ್ಚಿಮ.

1. ರೇಖಾಂಶಗಳ ಅಂತರ ತೆಗೆಯಿರಿ. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ಕೂಡಬೇಕು: 200.08. ಇದು 180ನ್ನು ದಾಟಿತು, ಅಂದರೆ ಭೂಮಿಯ ಇನ್ನೊಂದು ಕಡೆಯಿಂದ ಹತ್ತಿರ. 360ರಿಂದ ಕಳೆಯಿರಿ: 159.92. ಎರಡೂ ಊರು ಪೂರ್ವದಲ್ಲೇ ಇದ್ದರೆ ಕೂಡುವ ಬದಲು ಕಳೆಯಬೇಕು.

2. ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.2284 × 0.6104 = 0.1394.

3. ಎರಡು ಅಕ್ಷಾಂಶಗಳ ಕೊಸೈನ್, ಜೊತೆಗೆ 159.92ರ ಕೊಸೈನ್, ಮೂರನ್ನೂ ಗುಣಿಸಿ: 0.9736 × 0.7921 × −0.9392 = −0.7243.

4. ಎರಡು ಉತ್ತರಗಳನ್ನು ಕೂಡಿ: −0.5849. ಇದರ ವಿಲೋಮ ಕೊಸೈನ್ (cos⁻¹ ಗುಂಡಿ) ಒತ್ತಿ: 125.8 ಡಿಗ್ರಿ.

5. ಒಂದು ಡಿಗ್ರಿಗೆ 111.2 ಕಿಲೋಮೀಟರಿನಂತೆ ಗುಣಿಸಿ: 13,989.

ದಾರ ಹೇಳಿದ್ದಕ್ಕೂ ಗಣಿತ ಹೇಳಿದ್ದಕ್ಕೂ ಹನ್ನೊಂದು ಕಿಲೋಮೀಟರ್ ವ್ಯತ್ಯಾಸ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅಮುಕಿದಂತಿದೆ. ಹಾಗಾಗಿ ಈ ಲೆಕ್ಕದಲ್ಲಿ ನೂರಕ್ಕೆ ಅರ್ಧದಷ್ಟು ಹೆಚ್ಚುಕಡಿಮೆ ಬರಬಹುದು. ಪ್ರಯಾಣಿಕರಿಗೆ ಅದು ಲೆಕ್ಕಕ್ಕಿಲ್ಲ. ಜಾಲತಾಣಗಳಲ್ಲಿ ದೂರ ನೋಡುವಾಗ ಒಂದು ಎಚ್ಚರ ಬೇಕು. ಮೈಲಿಯಲ್ಲಿ ಎರಡು ಬಗೆ. ನೆಲದ ಮೈಲಿ 1.609 ಕಿಲೋಮೀಟರ್, ವಿಮಾನ ಮತ್ತು ಹಡಗಿನವರ ನಾಟಿಕಲ್ ಮೈಲಿ 1.852 ಕಿಲೋಮೀಟರ್. ಇದೇ ದೂರವನ್ನು ಒಂದು ಕಡೆ 8,700 ಮೈಲಿ ಎಂದೂ ಇನ್ನೊಂದು ಕಡೆ 7,550 ಮೈಲಿ ಎಂದೂ ಬರೆದಿದ್ದರೆ ಎರಡೂ ಸರಿ.

ಆ ಗೆರೆಯ ಮೇಲೆ ವಿಮಾನ ಹೋಗುವುದಿಲ್ಲ

ದಾರ ಎಳೆದಾಗ ಟಿಬೆಟ್ ಬಂತಲ್ಲ, ದೂರದ ವಿಮಾನಗಳು ಅದರ ಮೇಲೆ ಹಾರದೆ ಸುತ್ತುಬಳಸಿ ಹೋಗುತ್ತವೆ. ವಿಮಾನದೊಳಗಿನ ಗಾಳಿಯೊತ್ತಡ ಇದ್ದಕ್ಕಿದ್ದಂತೆ ಬಿದ್ದರೆ ಪೈಲಟ್‌ಗಳು ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ಬೇಗ ಇಳಿಸಬೇಕು, ಅಲ್ಲಿ ಎಲ್ಲರೂ ಸಹಜವಾಗಿ ಉಸಿರಾಡಬಹುದು. ಟಿಬೆಟಿನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ! ಇಳಿಯುವುದು ಎಲ್ಲಿಗೆ?

ಆಮೇಲೆ ದೇಶಗಳ ಗಡಿ. 2022ರಿಂದ ರಷ್ಯದ ಆಕಾಶ ಅಮೆರಿಕದ ಮತ್ತು ಯುರೋಪಿನ ಬಹುತೇಕ ವಿಮಾನ ಸಂಸ್ಥೆಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ಸಂಸ್ಥೆಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಒಂದೇ ಎರಡು ಊರುಗಳ ನಡುವೆ ಬೇರೆ ಬೇರೆ ಸಂಸ್ಥೆಗಳ ದಾರಿ ಬೇರೆಯಾಗುವುದು ಹೀಗೆ.

ಎಲ್ಲಕ್ಕಿಂತ ದೊಡ್ಡದು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರ್ ಮೀರುವುದು ಸಾಮಾನ್ಯ. ತುಂಬಿ ಹರಿಯುವ ಹೊಳೆಯಲ್ಲಿ ದೋಣಿಯನ್ನು ಹರಿವಿನ ಜೊತೆ ಬಿಟ್ಟರೆ ಹುಟ್ಟು ಹಾಕುವ ಕೆಲಸವೇ ಕಡಿಮೆ. ಎದುರಿಗೆ ಹೋದರೆ ತೋಳು ಸೋಲುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ ಹಾರಿಸಿತು. ದೂರ ಸುಮಾರು 1,400 ಕಿಲೋಮೀಟರ್ ಹೆಚ್ಚಾಗಿ 15,300ಕ್ಕೆ ಏರಿತು, ಪ್ರಯಾಣದ ಹೊತ್ತು ಮಾತ್ರ ಎರಡು ಗಂಟೆಯಷ್ಟು ಇಳಿದು ಹದಿನಾಲ್ಕೂವರೆಗೆ ಬಂತು. ಗಾಳಿ ಬೆನ್ನಿಗಿತ್ತು, ಅಷ್ಟೆ. ದೂರ ಹೆಚ್ಚಾದರೆ ಹೊತ್ತು ಹೆಚ್ಚು ಎಂಬ ಬಸ್ಸಿನ ಲೆಕ್ಕ ಆಕಾಶದಲ್ಲಿ ನಡೆಯದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಿಲೋಮೀಟರಿನಿಂದ ಗಂಟೆಗೆ

ಬೋಯಿಂಗ್ 777ರಂಥ ದೊಡ್ಡ ವಿಮಾನ ಮೇಲೇರಿದ ಮೇಲೆ ಸುತ್ತಲಿನ ಗಾಳಿಯಲ್ಲಿ ಗಂಟೆಗೆ ಸುಮಾರು 890 ಕಿಲೋಮೀಟರ್ ವೇಗದಲ್ಲಿರುತ್ತದೆ. 13,990ನ್ನು 890ರಿಂದ ಭಾಗಿಸಿದರೆ 15.7, ಅಂದರೆ ಹದಿನೈದು ಗಂಟೆ ನಲವತ್ತು ನಿಮಿಷ. ಇದಕ್ಕೆ ಏರುವುದು, ಇಳಿಯುವುದು, ರನ್‌ವೇ ತನಕ ತೆವಳುವುದು ಎಂದು ಅರ್ಧ ಗಂಟೆ ಸೇರಿಸಿ. ಬಳಸುದಾರಿಗೆಂದು ನೂರಕ್ಕೆ ಐದರಷ್ಟು, ಸುಮಾರು ಮುಕ್ಕಾಲು ಗಂಟೆ ಸೇರಿಸಿ. ಹದಿನೇಳು ಗಂಟೆಯ ಹತ್ತಿರ ಬಂತು. ಗಾಳಿ ಬೆನ್ನಿಗಿದ್ದರೆ ಒಂದು ಗಂಟೆ ಕಡಿಮೆ, ಎದುರಿಗಿದ್ದರೆ ಒಂದು ಗಂಟೆ ಹೆಚ್ಚು. ನನ್ನ ಲೆಕ್ಕದಲ್ಲಿ ಹೋಗುವಾಗ ಹದಿನಾರು, ಬರುವಾಗ ಹದಿನೆಂಟು ಎಂದು ಮನಸ್ಸನ್ನು ಸಿದ್ಧಮಾಡಿಕೊಳ್ಳುವುದು ಒಳ್ಳೆಯದು.

ಟಿಕೆಟಿನ ಮೇಲಿನ ಅವಧಿ ಗೇಟಿನಿಂದ ಗೇಟಿಗೆ. ವಿಮಾನ ಜಾಗ ಬಿಟ್ಟು ಹಿಂದೆ ಸರಿದಾಗ ಶುರು, ಇನ್ನೊಂದು ತುದಿಯಲ್ಲಿ ಬಂದು ನಿಂತಾಗ ಮುಗಿಯಿತು. ತಡವಾಗದಿರಲಿ ಎಂದು ಸಂಸ್ಥೆಗಳು ಅದರಲ್ಲಿ ಸ್ವಲ್ಪ ಸಡಿಲ ಇಟ್ಟಿರುತ್ತವೆ. ನಿಜಕ್ಕೂ ಎಷ್ಟು ಹೊತ್ತು ಹಾರುತ್ತದೆ ಎಂದು ನೋಡಬೇಕಿದ್ದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಜಾಲತಾಣದಲ್ಲಿ ವಿಮಾನದ ನಂಬರ್ ಹಾಕಿ ಕಳೆದ ಒಂದು ವಾರದ ದಾಖಲೆ ತೆಗೆಯಿರಿ. ಏಳು ದಿನದ ಸರಾಸರಿ ಯಾವ ಸೂತ್ರಕ್ಕಿಂತಲೂ ಮೇಲು. ಪ್ರಯಾಣದ ವಾರದಲ್ಲೇ ನೋಡಿ. ಜುಲೈನಲ್ಲಿ ನೋಡಿದ್ದು ಜನವರಿಗೆ ಆಗಿಬರುವುದಿಲ್ಲ.

ಗಡಿಯಾರ ಮತ್ತು ತಾರೀಖು

ಹೆಚ್ಚಿನವರು ಎಡವುವುದು ಇಲ್ಲಿ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಎರಡನ್ನೂ ಒಂದೇ ಗಡಿಯಾರಕ್ಕೆ ತಾರದೆ ಕಳೆಯಬಾರದು. ಭಾರತದವರಿಗೆ ಸುಲಭದ ದಾರಿ, ಎಲ್ಲವನ್ನೂ ನಮ್ಮ ಗಂಟೆಗೆ ತರುವುದು.

ಕ್ಯಾಲಿಫೋರ್ನಿಯ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಭಾರತದಲ್ಲಿ ಈ ಪದ್ಧತಿ ಇಲ್ಲದ್ದರಿಂದ ವ್ಯತ್ಯಾಸವೇ ಬದಲಾಗುತ್ತದೆ.

ಅಮ್ಮನ ಟಿಕೆಟ್ ನೋಡೋಣ. ತಲುಪುವುದು ಅಲ್ಲಿಯ ಸಂಜೆ 5:00. ಹದಿಮೂರೂವರೆ ಸೇರಿಸಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 6:30. ಹೊರಟಿದ್ದು ಹಿಂದಿನ ಮಧ್ಯಾಹ್ನ 2:30. ನಡುವೆ ಹದಿನಾರು ಗಂಟೆ. ಭಾವ ಹೇಳಿದ್ದೇ ಬಂತು. ಅಮ್ಮನಿಗೆ ಹೀಗೆ ಹೇಳಿದೆ: "ನೀನು ಇಳಿಯೋ ಹೊತ್ತಿಗೆ ಇಲ್ಲಿ ನಾನು ಹಾಲು ತರಕ್ಕೆ ಹೊರಟಿರ್ತೀನಿ." ಆಗ ಅವಳಿಗೆ ಒಂದೇ ಸಲಕ್ಕೆ ಹೊಳೆಯಿತು.

ವಾಪಸ್ ಬರುವಾಗ ದಿನವೇ ಕಳೆದುಹೋದಂತೆ ಕಾಣುತ್ತದೆ. ಈ ಎರಡು ಊರುಗಳ ನಡುವಿನ ಮೊದಲ ನೇರ ವಿಮಾನವನ್ನೇ ತೆಗೆದುಕೊಳ್ಳಿ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ತಂದಿತು. ವೇಳಾಪಟ್ಟಿಯಲ್ಲಿ ಅಲ್ಲಿಂದ ಹೊರಡುವುದು 9ರ ರಾತ್ರಿ 8:30, ಇಲ್ಲಿ ಇಳಿಯುವುದು 11ರ ಬೆಳಗಿನ ಜಾವ 3:45. ತಾರೀಖು ನೋಡಿದರೆ ಎರಡು ದಿನ! ಈಗ ನಮ್ಮ ಗಂಟೆಗೆ ತನ್ನಿ. ಅಲ್ಲಿಯ 9ರ ರಾತ್ರಿ 8:30ಕ್ಕೆ ಹದಿಮೂರೂವರೆ ಸೇರಿಸಿದರೆ ನಮ್ಮ 10ರ ಬೆಳಿಗ್ಗೆ 10:00. ಅಲ್ಲಿಂದ 11ರ ಬೆಳಗಿನ 3:45ರವರೆಗೆ ಹದಿನೇಳೂ ಮುಕ್ಕಾಲು ಗಂಟೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಬೆಂಗಳೂರಿನಿಂದ ಯುರೋಪ್, ಗಲ್ಫ್ ಕಡೆಗಿನ ಅನೇಕ ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ನಮ್ಮ ಮನೆಗಳಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಪಂಚಾಂಗವೂ ವಾರವನ್ನು ಸೂರ್ಯೋದಯದಿಂದಲೇ ಎಣಿಸುತ್ತದೆ. "ಶನಿವಾರ ರಾತ್ರಿ ಮೂರು ಗಂಟೆ" ಅಂದರೆ ನಮಗೆ ಶನಿವಾರ ಊಟ ಮಾಡಿ ಮಲಗಿದ ಮೇಲಿನ ಮೂರು ಗಂಟೆ. ವಿಮಾನದವರಿಗೆ ಅದು ಭಾನುವಾರ. ಟಿಕೆಟಿನಲ್ಲಿ 12ನೇ ತಾರೀಖು 3:00 ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 11ರ ರಾತ್ರಿ. ನಮ್ಮ ಹತ್ತಿರದ ಬಂಧುಗಳೊಬ್ಬರು 12ರ ರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ದೇವನಹಳ್ಳಿಗೆ ಹೋಗಿ, ತಮ್ಮ ವಿಮಾನ ಹಿಂದಿನ ರಾತ್ರಿಯೇ ಹೋಗಿದೆ ಎಂದು ತಿಳಿದು ಅಲ್ಲೇ ಕುಸಿದು ಕೂತರು. ಮೊಮ್ಮಗನ ನಾಮಕರಣಕ್ಕೆ ಹೊರಟಿದ್ದರು. ಅಂದಿನಿಂದ ಯಾರ ಟಿಕೆಟ್ ಕೈಗೆ ಬಂದರೂ ನಾನು ಮೊದಲು ಮನೆ ಬಿಡುವ ವಾರ ಮತ್ತು ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ.

ನಡುವೆ ಇಳಿದು ಹತ್ತುವುದಾದರೆ

ಇಷ್ಟು ದೂರ ಒಂದೇ ಉಸಿರಿಗೆ ಹಾರುವ ವಿಮಾನಗಳು ಕಡಿಮೆ, ಅಂಥ ಸೇವೆಗಳು ಶುರುವಾಗುತ್ತವೆ, ನಿಲ್ಲುತ್ತವೆ. ಟಿಕೆಟ್ ಹುಡುಕುವ ದಿನ ಏನಿದೆಯೋ ಅದನ್ನು ನೋಡಬೇಕು. ಬಹಳಷ್ಟು ಜನ ಹೋಗುವುದು ಒಂದು ಕಡೆ ಇಳಿದು.

ಪ್ರತಿ ತುಂಡಿನ ದೂರವನ್ನು ಮೇಲಿನ ಸೂತ್ರದಲ್ಲೇ ತೆಗೆದು ಕೂಡಿದೆ. ದೆಹಲಿ ಮೂಲಕ ಸುಮಾರು 14,100 ಕಿಲೋಮೀಟರ್, ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರ ಮೂಲಕ 16,750. ದೆಹಲಿಗೆ ಹೋದರೆ ಹಿಂದಕ್ಕೆ ಹೋದಂತೆ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ದಾರ ಹಿಡಿದು ನೋಡಿದವರಿಗೆ ಗೊತ್ತು, ನಮ್ಮ ದಾರಿಯೇ ಉತ್ತರಕ್ಕಿದೆ. ಅಲ್ಲಿ ಇಳಿದು ಹತ್ತಿದರೆ ಹೆಚ್ಚಾಗುವುದು ನೂರು ಕಿಲೋಮೀಟರ್.

ಆದರೆ ಇಲ್ಲಿ ಹೊತ್ತನ್ನು ತಿನ್ನುವುದು ದೂರಕ್ಕಿಂತ ಕಾಯುವಿಕೆ. ಲೆಕ್ಕ ಮೊದಲಿನದೇ. ಚಳಿಗಾಲದಲ್ಲಿ ಬೆಂಗಳೂರನ್ನು ಬೆಳಗಿನ ಜಾವ 3:00ಕ್ಕೆ ಬಿಟ್ಟು ಅದೇ ದಿನ ಅಲ್ಲಿಯ ಮಧ್ಯಾಹ್ನ 1:00ಕ್ಕೆ ಇಳಿಯುವ ಟಿಕೆಟ್ ಇದ್ದರೆ, 1:00ಕ್ಕೆ ಹದಿಮೂರೂವರೆ ಸೇರಿಸಿ: ನಮ್ಮ ಮರುದಿನ ಬೆಳಗಿನ 2:30. ಒಟ್ಟು ಇಪ್ಪತ್ಮೂರೂವರೆ ಗಂಟೆ. ನಡುವಿನ ಊರಿನ ಗಡಿಯಾರ ಏನಿದ್ದರೂ ಒಟ್ಟು ಹೊತ್ತಿಗೆ ಬೇಕಾಗುವುದಿಲ್ಲ. ಕಾಯುವ ಹೊತ್ತಿಗೆ ಮಾತ್ರ ಆ ಊರಿನ ಇಳಿಯುವ ಗಂಟೆ, ಹೊರಡುವ ಗಂಟೆ ಎರಡನ್ನೂ ಕಳೆದು ನೋಡಿ. ಒಬ್ಬರೇ ಹೋಗುವ ವಯಸ್ಸಾದವರಿಗೆ ಎರಡು ಗಂಟೆಗಿಂತ ಕಡಿಮೆ ಇರುವ ಟಿಕೆಟನ್ನು ನಾನು ತೆಗೆದುಕೊಡುವುದಿಲ್ಲ. ಮೂರು ಗಂಟೆ ಹಿತ. ನ್ಯೂಯಾರ್ಕ್, ಶಿಕಾಗೊದಂಥ ಅಮೆರಿಕದ ಊರಿನಲ್ಲೇ ಮೊದಲು ಇಳಿಯುವುದಾದರೆ ಇಮಿಗ್ರೇಶನ್ ಅಲ್ಲೇ ಆಗುತ್ತದೆ, ಸಾಮಾನ್ಯವಾಗಿ ಚೆಕ್‌ಇನ್ ಮಾಡಿದ ಪೆಟ್ಟಿಗೆಗಳನ್ನೂ ಅಲ್ಲೇ ತೆಗೆದುಕೊಂಡು ಮತ್ತೆ ಕೊಡಬೇಕು. ಅದಕ್ಕೆ ಇನ್ನೂ ಹೆಚ್ಚು ಬಿಡುವು ಬೇಕು. ಎರಡು ತುಂಡೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟಿನ ಹಣ ನಿಮ್ಮ ಕೈಯಿಂದಲೇ.

ಮನೆಯಿಂದ ಮನೆಗೆ

ಜಯನಗರದಿಂದ ದೇವನಹಳ್ಳಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು, ಸಂಜೆ ಹೊತ್ತು ಎರಡು ಗಂಟೆ ಇಟ್ಟುಕೊಳ್ಳಿ. ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಆ ತುದಿಯಲ್ಲಿ ಇಮಿಗ್ರೇಶನ್ ಸಾಲು, ಪೆಟ್ಟಿಗೆ, ಕಸ್ಟಮ್ಸ್ ಸೇರಿ ಒಂದೂವರೆ ಗಂಟೆ, ಫ್ರೀಮಾಂಟ್ ಅಥವಾ ಸನಿವೇಲ್‌ಗೆ ಕಾರಿನಲ್ಲಿ ಇನ್ನೊಂದು ಗಂಟೆ. ಹದಿನಾರಕ್ಕೆ ಏಳೂವರೆ ಕೂಡಿದರೆ ಇಪ್ಪತ್ಮೂರೂವರೆ. "ಒಂದು ದಿನ ಅಂತ ಇಟ್ಕೊಳಿ" ಎಂದವರ ಮಾತು ಇದು. ಒಂದು ಕಡೆ ಇಳಿದು ಹೋಗುವುದಾದರೆ ಮೂವತ್ತೊಂದರ ಆಸುಪಾಸು.

ಅಮ್ಮನಿಗೆ ಕೊನೆಗೆ ಬೇಕಾಗಿದ್ದು ಈ ಮೊತ್ತ. ಒಂದು ಹಾಳೆಯಲ್ಲಿ ಮೂರು ಕಾಲಂ ಗೀಟು ಹಾಕಿದೆ. ಮೊದಲನೆಯದು ಬೆಂಗಳೂರು ಗಂಟೆ, ಎರಡನೆಯದು ಕ್ಯಾಲಿಫೋರ್ನಿಯ ಗಂಟೆ, ಮೂರನೆಯದು ಆ ಹೊತ್ತಿಗೆ ಅಮ್ಮ ಎಲ್ಲಿರುತ್ತಾಳೆ ಎಂಬುದು. ಅದನ್ನು ಹಿಡಿದುಕೊಂಡು ನಮ್ಮ ಡಾಕ್ಟರ ಹತ್ತಿರ ಹೋದೆವು. ಯಾವ ಮಾತ್ರೆ ವಿಮಾನದಲ್ಲಿ, ಯಾವುದು ಇಳಿದ ಮೇಲೆ ಎಂದು ಅವರೇ ಗುರುತು ಹಾಕಿಕೊಟ್ಟರು. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಖಂಡಿತ ಮಾಡಬೇಕು, ಸ್ವಂತ ಅಂದಾಜಿನಲ್ಲಿ ಡೋಸ್ ಬದಲಿಸಬಾರದು. ಮಾತ್ರೆಗಳು ಕೈಚೀಲದಲ್ಲಿರಲಿ, ಚೀಟಿಯ ಸಮೇತ.

ಅಮ್ಮ ಕೈಗಡಿಯಾರವನ್ನು ಬದಲಿಸಲು ಒಪ್ಪಲಿಲ್ಲ. ಅಲ್ಲಿ ಇದ್ದ ಆರು ತಿಂಗಳೂ ಅದು ಬೆಂಗಳೂರಿನ ಗಂಟೆಯನ್ನೇ ತೋರಿಸುತ್ತಿತ್ತು. ಮೊಮ್ಮಗಳನ್ನು ಮಲಗಿಸಿ, ಗಡಿಯಾರ ನೋಡಿ, ನಾನು ಎದ್ದಿರುತ್ತೇನೆ ಎಂದು ಖಾತ್ರಿ ಮಾಡಿಕೊಂಡೇ ಫೋನ್ ಮಾಡುತ್ತಿದ್ದಳು.